2024-25ರ ಎಫ್‌ಎ ಕಪ್: ರೀಪ್ಲೇ ತೆಗೆದದ್ದರಿಂದ ಏನು ಬದಲಾಯ್ತು? ಫೈನಲ್‌ನಲ್ಲಿ ಹೆಂಡರ್ಸನ್‌ಗೆ ಕೆಂಪು ಕಾರ್ಡ್ ಯಾಕಿಲ್ಲ?

ಮೂಲೆಕಿಕ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. 2025ರ ಮೇ 17ರಂದು ವೆಂಬ್ಲಿಯಲ್ಲಿ ಕ್ರಿಸ್ಟಲ್ ಪ್ಯಾಲೆಸ್ ತಂಡ ಮ್ಯಾಂಚೆಸ್ಟರ್ ಸಿಟಿಯನ್ನು 1-0ಯಿಂದ ಸೋಲಿಸಿ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಎತ್ತಿತಲ್ಲ, ಆ ಸೀಸನ್ ಬಗ್ಗೆ ಕೆಲವು ವಿಷಯ ಬಗೆಹರಿಯುತ್ತಿಲ್ಲ. ಬಲ್ಲವರು ಬಿಡಿಸಿ ಹೇಳಿ.

ಆ ವರ್ಷ ಕಪ್‌ಗೆ ಹೆಸರು ಕೊಟ್ಟದ್ದು 745 ಕ್ಲಬ್. ಪ್ಯಾಲೆಸ್ ಆಡಿದ್ದು ಬರೀ 6 ಪಂದ್ಯ. ಈ ಲೆಕ್ಕ ಹೇಗೆ? ಎರಡನೆಯದು ರೀಪ್ಲೇ, ಅಂದರೆ ಡ್ರಾ ಆದರೆ ಇನ್ನೊಂದು ದಿನ ಮತ್ತೆ ಆಡುವುದು. ಅದನ್ನು ತೆಗೆದದ್ದು ಚಿಕ್ಕ ಕ್ಲಬ್‌ಗಳ ಹೊಟ್ಟೆ ಮೇಲೆ ಹೊಡೆದಂತೆ ಅಂತ ಕೆಲವರು, ಏನೂ ವ್ಯತ್ಯಾಸವಾಗಿಲ್ಲ ಅಂತ ಇನ್ನು ಕೆಲವರು. ಯಾವುದು ಸರಿ? ಇನ್ನು ಫೈನಲ್‌ನಲ್ಲಿ ಪ್ಯಾಲೆಸ್ ಗೋಲ್‌ಕೀಪರ್ ಡೀನ್ ಹೆಂಡರ್ಸನ್ ಪೆನಾಲ್ಟಿ ಬಾಕ್ಸ್‌ನಿಂದ ಹೊರಗೆ ಚೆಂಡನ್ನು ಕೈಯಿಂದ ತಳ್ಳಿದ್ದು ಟಿವಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ವಿಎಆರ್ (ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಕೂಡ ನೋಡಿತು. ಆದರೂ ಕೆಂಪು ಕಾರ್ಡ್ ಬಿಡಿ, ಒಂದು ಫ್ರೀ ಕಿಕ್ ಕೂಡ ಬರಲಿಲ್ಲ. ಯಾಕೆ? ಕೊನೆಯದಾಗಿ, ಕಪ್ ಗೆದ್ದವರಿಗೆ ಯುರೋಪಾ ಲೀಗ್ ಅಂತಾರೆ, ಪ್ಯಾಲೆಸ್ ಹೋಗಿದ್ದು ಯುರೋಪಿನ ಅದಕ್ಕಿಂತ ಕೆಳಗಿನ ಟೂರ್ನಿ ಕಾನ್ಫರೆನ್ಸ್ ಲೀಗ್‌ಗೆ. ಅದೇನು ಕಥೆ?

ಮೂರನೇ ಸುತ್ತು:

ಮೊದಲ ಪ್ರಶ್ನೆ ಸುಲಭ, ಅದನ್ನು ಮುಗಿಸಿಬಿಡೋಣ. ನಾಕೌಟ್‌ನಲ್ಲಿ ಒಂದು ಜೋಡಿ ಮುಗಿದರೆ ಒಂದು ತಂಡ ಮನೆಗೆ. 745 ತಂಡದಲ್ಲಿ ಒಂದೇ ಉಳಿಯಬೇಕು ಅಂದರೆ 744 ಜೋಡಿ. ಆದರೆ ಎಲ್ಲರೂ ಒಂದೇ ಬಾಗಿಲಿಂದ ಒಳಗೆ ಬರುವುದಿಲ್ಲ. ಆಗಸ್ಟ್‌ನಲ್ಲಿ ಎಕ್ಸ್‌ಟ್ರಾ ಪ್ರಿಲಿಮಿನರಿ, ಆಮೇಲೆ ಪ್ರಿಲಿಮಿನರಿ, ಆಮೇಲೆ ನಾಲ್ಕು ಅರ್ಹತಾ ಸುತ್ತು. ಐದನೇ ದರ್ಜೆಯ ನ್ಯಾಷನಲ್ ಲೀಗ್ ತಂಡಗಳು ಒಳಗೆ ಬರುವುದು ನಾಲ್ಕನೇ ಅರ್ಹತಾ ಸುತ್ತಿನಲ್ಲಿ. ಅಲ್ಲಿ ಗೆದ್ದ 32 ತಂಡದ ಜೊತೆ ಮೂರನೇ, ನಾಲ್ಕನೇ ದರ್ಜೆಯ ಲೀಗ್ ಒನ್, ಲೀಗ್ ಟೂನ 48 ಸೇರಿ 80 ಆಗುತ್ತದೆ. ಅದೇ ನಿಜವಾದ ಮೊದಲನೇ ಸುತ್ತು. 80 ಹೋಗಿ 40, 40 ಹೋಗಿ 20. ಮೂರನೇ ಸುತ್ತಿಗೆ ಪ್ರೀಮಿಯರ್ ಲೀಗ್‌ನ 20, ಎರಡನೇ ದರ್ಜೆಯ ಚಾಂಪಿಯನ್‌ಶಿಪ್‌ನ 24 ಬಂದು ಈ 20ರ ಜೊತೆ ಸೇರಿದರೆ 64. ಅಲ್ಲಿಂದ 32, 16, 8, 4, 2, 1. ಪ್ರೀಮಿಯರ್ ಲೀಗ್ ತಂಡಕ್ಕೆ ಆರೇ ಗೆಲುವು ಸಾಕು.

ಚೀಟಿ ಎತ್ತುವಾಗ ಸೀಡಿಂಗ್ (ಬಲಿಷ್ಠ ತಂಡಗಳನ್ನು ಬೇರೆ ಬೇರೆ ಇಡುವುದು) ಇಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಮೂರನೇ ಸುತ್ತಿಗೆ 64 ಚೆಂಡು ಒಂದೇ ಪಾತ್ರೆಯಲ್ಲಿ. ಮೊದಲು ಬಂದ ನಂಬರಿನವರಿಗೆ ತವರು ಮೈದಾನ, ಎರಡನೆಯವರು ಅಲ್ಲಿಗೆ ಹೋಗಿ ಆಡಬೇಕು. ಇಡೀ ಕಪ್ಪಿನ ಜೀವ ಇರುವುದೇ ಆ ಪಾತ್ರೆಯಲ್ಲಿ. ಆ ಸಲ ಆರ್ಸೆನಲ್‌ಗೆ ಮೂರನೇ ಸುತ್ತಿನಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ಸಿಕ್ಕಿತು. 1-1 ಆಗಿ ಪೆನಾಲ್ಟಿಯಲ್ಲಿ ಆರ್ಸೆನಲ್ ಹೊರಗೆ. ನಾಲ್ಕನೇ ಸುತ್ತಿನಲ್ಲಿ ಚೆಲ್ಸಿ ಬ್ರೈಟನ್‌ಗೆ ಸೋತಿತು, ಟಾಟನಮ್ ಆಸ್ಟನ್ ವಿಲ್ಲಾಗೆ ಸೋತಿತು. ಆಗ ಪ್ರೀಮಿಯರ್ ಲೀಗ್‌ನ ತುದಿಯಲ್ಲಿದ್ದ ಲಿವರ್‌ಪೂಲ್, ಚಾಂಪಿಯನ್‌ಶಿಪ್‌ನ ತಳದಲ್ಲಿದ್ದ ಪ್ಲಿಮತ್‌ಗೆ 0-1ರಿಂದ ಸೋತಿತು, ರಯಾನ್ ಹಾರ್ಡಿಯ ಪೆನಾಲ್ಟಿ. ಐದನೇ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಯುನೈಟೆಡ್ ಪೆನಾಲ್ಟಿಯಲ್ಲಿ ಫುಲಮ್‌ಗೆ ಸೋತಿತು. ಕ್ವಾರ್ಟರ್ ಫೈನಲ್ ಹೊತ್ತಿಗೆ ಈ ಐವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಪ್ಯಾಲೆಸ್ ದಾರಿ ಹೀಗಿತ್ತು: ಸ್ಟಾಕ್‌ಪೋರ್ಟ್ 1-0, ಡಾನ್‌ಕ್ಯಾಸ್ಟರ್ 2-0, ಮಿಲ್‌ವಾಲ್ 3-1, ಫುಲಮ್ 3-0, ವೆಂಬ್ಲಿಯಲ್ಲಿ ಸೆಮಿಫೈನಲ್ ವಿಲ್ಲಾ ಎದುರು 3-0, ಆಮೇಲೆ ಫೈನಲ್ 1-0. 13 ಗೋಲು ಹೊಡೆದು ಬಿಟ್ಟುಕೊಟ್ಟದ್ದು ಒಂದೇ ಒಂದು. ಚೀಟಿ ಒಲಿದಿತ್ತು ಅನ್ನುವವರು ಈ ಒಂದರ ಲೆಕ್ಕವನ್ನೂ ನೋಡಲಿ.

ಹಳೇ ಗ್ಯಾಲರಿ:

ರೀಪ್ಲೇ ವಿಷಯಕ್ಕೆ ಬರುತ್ತೇನೆ. ಐದನೇ ಸುತ್ತಿನಿಂದ ಮೇಲೆ ರೀಪ್ಲೇ ಮೊದಲೇ ಹೋಗಿತ್ತು. 2024ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಹೇಳಿದ್ದು, ಇನ್ನು ಮೊದಲನೇ ಸುತ್ತಿನಿಂದಲೇ ಇಲ್ಲ ಅಂತ. ಮುಖ್ಯ ಕಾರಣ ಕ್ಯಾಲೆಂಡರ್. ಹೊಸ ಚಾಂಪಿಯನ್ಸ್ ಲೀಗ್‌ನಲ್ಲಿ ಲೀಗ್ ಹಂತವೇ 8 ಪಂದ್ಯ, ಅದು ಜನವರಿ ಕೊನೆವರೆಗೂ ಎಳೆಯುತ್ತದೆ. ಮೊದಲು ರೀಪ್ಲೇಗೆ ಸಿಗುತ್ತಿದ್ದ ವಾರದ ಮಧ್ಯದ ದಿನಗಳೇ ಖಾಲಿ ಇಲ್ಲ.

ಈಗ ಟಾಮ್‌ವರ್ತ್ ನೋಡಿ. ಐದನೇ ದರ್ಜೆಯ ತಂಡ, ಸುಮಾರು ನಾಲ್ಕು ಸಾವಿರ ಜನ ಹಿಡಿಯುವ ಮೈದಾನ, ಕೃತಕ ಹುಲ್ಲು. ಜನವರಿ 12ರಂದು ಟಾಟನಮ್ ಅಲ್ಲಿಗೆ ಬಂದು 90 ನಿಮಿಷ ಒಂದೂ ಗೋಲು ಹೊಡೆಯಲಾಗದೆ ನಿಂತಿತು. ಹಿಂದಿನ ನಿಯಮವಾಗಿದ್ದರೆ ರೆಫರಿ ಅಲ್ಲಿಗೆ ಸೀಟಿ ಊದಿ, ಇನ್ನೊಂದು ಪಂದ್ಯ ಲಂಡನ್‌ನಲ್ಲಿ, 62,850 ಜನ ಕೂರುವ ಸ್ಟೇಡಿಯಂನಲ್ಲಿ. ಕಪ್ ಪಂದ್ಯದ ಟಿಕೆಟ್ ಹಣ ಲೀಗ್ ಪಂದ್ಯದ ಹಾಗೆ ಪೂರ್ತಿ ಆತಿಥೇಯರ ಜೇಬಿಗೆ ಹೋಗುವುದಿಲ್ಲ, ಎದುರಾಳಿಗೂ ಪಾಲಿದೆ. ನೇರ ಪ್ರಸಾರವಾದರೆ ಅದರ ಹಣ ಬೇರೆ. ಅಂಥ ಒಂದು ಸಂಜೆಯ ಗಳಿಕೆಯಲ್ಲಿ ಚಿಕ್ಕ ಕ್ಲಬ್ ಎಷ್ಟೋ ಕಾಲ ಸಂಬಳ ಕೊಡಬಹುದು. ಅದು ಹೋಯಿತು. ಇದು ನಿಜವಾದ ನಷ್ಟ, ಅದನ್ನು ಯಾರೂ ಅಲ್ಲಗಳೆಯಬಾರದು.

ಆದರೆ ಇನ್ನೊಂದು ಮುಖ ಇದೆ. ಅದೇ ಟಾಮ್‌ವರ್ತ್ ಮೂರನೇ ಸುತ್ತಿಗೆ ಬಂದದ್ದು ಹೇಗೆ? ಮೊದಲನೇ ಸುತ್ತಿನಲ್ಲಿ ಹಡರ್ಸ್‌ಫೀಲ್ಡ್ ಮೇಲೆ 1-0. ಎರಡನೇ ಸುತ್ತಿನಲ್ಲಿ ಲೀಗ್ ಒನ್‌ನ ಬರ್ಟನ್ ಆಲ್ಬಿಯನ್ ಜೊತೆ 1-1, ಅದೇ ದಿನ ಪೆನಾಲ್ಟಿಯಲ್ಲಿ 4-3. ರೀಪ್ಲೇ ಇದ್ದಿದ್ದರೆ ಮೇಲಿನ ದರ್ಜೆಯ ತಂಡಕ್ಕೆ ಸುಧಾರಿಸಿಕೊಂಡು ಬರಲು ಇನ್ನೊಂದು ಅವಕಾಶ. ಪೆನಾಲ್ಟಿಗೆ ದರ್ಜೆಯ ಹಂಗಿಲ್ಲ, ಗೋಲಿ ಜಸ್ ಸಿಂಗ್ ಥರದವನೊಬ್ಬ ನಿಂತರೆ ಸಾಕು. ಅಂದರೆ ಕೊಟ್ಟದ್ದೂ ಅದೇ ನಿಯಮ, ಕಸಿದದ್ದೂ ಅದೇ ನಿಯಮ.

ನಾನು ಬೆರಳು ತೋರಿಸುವುದು ಬೇರೆ ಕಡೆಗೆ: ಹೆಚ್ಚುವರಿ 30 ನಿಮಿಷ. ಟಾಮ್‌ವರ್ತ್ ಆಟಗಾರರಲ್ಲಿ ಹೆಚ್ಚಿನವರು ಬೇರೆ ಕೆಲಸ ಮಾಡುತ್ತಾ ಫುಟ್‌ಬಾಲ್ ಆಡುವವರು. ಜಸ್ ಸಿಂಗ್ ಕಟ್ಟಡಗಳ ಸರ್ವೇಯರ್. 90 ನಿಮಿಷ ಚೆಂಡಿನ ಹಿಂದೆ ಓಡಿದ ಕಾಲಿನಲ್ಲಿ ಮತ್ತೆ ಅರ್ಧ ಗಂಟೆ ಓಡಲು ಶಕ್ತಿ ಎಲ್ಲಿಂದ ಬರಬೇಕು? ಎದುರಿಗೆ ಬೆಂಚಿನಿಂದ ಎದ್ದು ಬಂದವರು ಕುಲುಸೆವ್‌ಸ್ಕಿ, ಸನ್. ಮೇಲಾಗಿ ಹೆಚ್ಚುವರಿ ಸಮಯಕ್ಕೆ ಹೋದರೆ ಆರನೇ ಬದಲಿ ಆಟಗಾರನನ್ನೂ ಇಳಿಸಬಹುದು, ಬೆಂಚು ಗಟ್ಟಿ ಇರುವವರಿಗೆ ಅದು ವರ. 101ನೇ ನಿಮಿಷ ಸ್ವಂತ ಗೋಲು, ಆಮೇಲೆ ಕುಲುಸೆವ್‌ಸ್ಕಿ, ಆಮೇಲೆ ಜಾನ್ಸನ್, 0-3. ಸ್ಕೋರ್ ಮಾತ್ರ ನೋಡಿದವರಿಗೆ ಸಲೀಸಾಗಿ ಗೆದ್ದಂತೆ ಕಾಣುತ್ತದೆ. ರೀಪ್ಲೇ ವಾಪಸ್ ಬರುವುದಿಲ್ಲ ಅಂತಾದರೆ ಮೊದಲ ಮೂರು ಸುತ್ತಿನಲ್ಲಿ 90 ನಿಮಿಷ ಮುಗಿದ ಕೂಡಲೇ ಪೆನಾಲ್ಟಿಗೆ ಹೋಗಲಿ. ಲೀಗ್ ಕಪ್‌ನ ಆರಂಭದ ಸುತ್ತುಗಳಲ್ಲಿ ಹಾಗೇ ನಡೆಯುತ್ತದೆ, ಯಾರಿಗೂ ತೊಂದರೆಯಾಗಿಲ್ಲ.

ಇನ್ನೊಂದು ಮಾತು. ಪ್ಯಾಲೆಸ್‌ಗೂ ರೀಪ್ಲೇಗೂ ಹಳೇ ಋಣವಿದೆ. 1990ರ ಫೈನಲ್‌ನಲ್ಲಿ ಯುನೈಟೆಡ್ ಎದುರು 3-3 ಮಾಡಿಕೊಂಡು, ಐದು ದಿನ ಬಿಟ್ಟು ನಡೆದ ರೀಪ್ಲೇಯಲ್ಲಿ 0-1ರಿಂದ ಸೋತರು. ಆ ರೀಪ್ಲೇ ನಡೆದ ದಿನ ಮೇ 17. ಸರಿಯಾಗಿ 35 ವರ್ಷಕ್ಕೆ ಅದೇ ದಿನ ಕಪ್ ಕೈಗೆ ಬಂತು.

ಸೈಡ್‌ಲೈನ್ ಸೀಟಿ:

ಹೆಂಡರ್ಸನ್ ವಿಷಯದಲ್ಲಿ ಜನ ಎರಡು ಬೇರೆ ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ. ಹ್ಯಾಂಡ್‌ಬಾಲ್ ಆಯಿತಾ ಅನ್ನುವುದು ಒಂದು. ವಿಎಆರ್ ಅದಕ್ಕೆ ಏನು ಮಾಡಬಹುದು ಅನ್ನುವುದು ಇನ್ನೊಂದು.

ಹ್ಯಾಂಡ್‌ಬಾಲ್ ಆಯಿತು. ಗೋಲ್‌ಕೀಪರ್‌ಗೆ ಕೈ ಬಳಸುವ ಹಕ್ಕು ತನ್ನ ಪೆನಾಲ್ಟಿ ಬಾಕ್ಸ್‌ನ ಒಳಗೆ ಮಾತ್ರ, ಗೆರೆ ದಾಟಿದರೆ ಅವನೂ ಉಳಿದ ಹತ್ತು ಜನರಂತೆ. ನೋಡಬೇಕಾದ್ದು ಅವನ ಕಾಲು ಎಲ್ಲಿತ್ತು ಅಂತಲ್ಲ, ಕೈ ತಾಗಿದ ಕ್ಷಣ ಚೆಂಡು ಎಲ್ಲಿತ್ತು ಅಂತ. ಗೆರೆಯೂ ಬಾಕ್ಸ್‌ಗೇ ಸೇರಿದ್ದು. ಮೊದಲ ಹಾಫ್‌ನ ನಡುವೆ ಸಿಟಿಯ ಹಾಲಂಡ್ ಓಡಿಬರುವಾಗ ಹೆಂಡರ್ಸನ್ ಮುಂದೆ ನುಗ್ಗಿ ಚೆಂಡನ್ನು ಬದಿಗೆ ತಟ್ಟಿದ. ಆಗ ಚೆಂಡು ಗೆರೆಯಿಂದ ಆಚೆ ಇತ್ತು. ರೆಫರಿ ಸ್ಟುವರ್ಟ್ ಆಟ್‌ವೆಲ್ ಮತ್ತು ಸಹಾಯಕ ಅದನ್ನು ಹಿಡಿಯಲಿಲ್ಲ, ಆಟ ಮುಂದುವರಿಯಿತು.

ಈಗ ವಿಎಆರ್. ಆ ಸೀಸನ್‌ನಲ್ಲಿ ಅದು ಕೈ ಹಾಕಬಹುದಾಗಿದ್ದದ್ದು ನಾಲ್ಕೇ ಕಡೆ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟದ್ದು. ತಪ್ಪಿಹೋದ ಫ್ರೀ ಕಿಕ್ ಅಥವಾ ಹಳದಿ ಕಾರ್ಡ್ ಕೊಡಿಸುವ ಅಧಿಕಾರ ಅದಕ್ಕಿಲ್ಲ. ಹಾಗಾಗಿ ಅವರು ಕೇಳಿಕೊಂಡದ್ದು ಒಂದೇ ಪ್ರಶ್ನೆ, ಇದು ಖಚಿತ ಗೋಲಿನ ಅವಕಾಶವನ್ನು ತಪ್ಪಿಸಿದ್ದಾ? ಅದಕ್ಕೆ ನಿಯಮದಲ್ಲಿ ನಾಲ್ಕು ಅಳತೆ ಇದೆ. ಗೋಲಿಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಸಾಗುತ್ತಿತ್ತು, ದಾಳಿಕಾರನಿಗೆ ಚೆಂಡು ಹತೋಟಿಗೆ ಸಿಗುತ್ತಿತ್ತಾ, ರಕ್ಷಕರು ಎಷ್ಟು ಮಂದಿ, ಎಲ್ಲಿದ್ದರು. ಇಲ್ಲಿ ಎಡವಿದ್ದು ಎರಡನೆಯದರಲ್ಲಿ: ಚೆಂಡು ಗೋಲಿನ ಕಡೆಗಲ್ಲ, ಬದಿಗೆ ಸರಿಯುತ್ತಿತ್ತು ಅಂತ ಅವರ ತೀರ್ಮಾನ. ಕೆಂಪು ಇಲ್ಲ ಅಂದಮೇಲೆ ವಿಎಆರ್ ಪಾಲಿಗೆ ಅಲ್ಲಿ ಏನೂ ನಡೆದೇ ಇಲ್ಲ. ಫ್ರೀ ಕಿಕ್ ಕೂಡ ಬರಲಿಲ್ಲ ಅನ್ನುವುದಕ್ಕೆ ಇದೇ ಉತ್ತರ.

ನನ್ನ ಅಭಿಪ್ರಾಯದಲ್ಲಿ ದಿಕ್ಕಿನ ಅಳತೆಯನ್ನು ಇಲ್ಲಿ ಬಹಳ ಉದಾರವಾಗಿ ಓದಿದರು. ಹಾಲಂಡ್‌ನ ಮುಂದಿನ ಒಂದು ಹೆಜ್ಜೆಯಲ್ಲಿ ಚೆಂಡು ಮತ್ತೆ ಒಳಕ್ಕೆ ತಿರುಗುತ್ತಿತ್ತು. ಆದರೆ ಮೈದಾನದಲ್ಲಿ ರೆಫರಿ ಏನೂ ಕೊಡದಿದ್ದಾಗ ವಿಎಆರ್ ಬದಲಿಸಬೇಕಾದರೆ ತಪ್ಪು ಎದ್ದು ಕಾಣುವಂತಿರಬೇಕು, ಇದು ಆ ಮಟ್ಟಕ್ಕೆ ಬರಲಿಲ್ಲ.

ಇನ್ನೊಂದು ವಿಷಯ ಗೊತ್ತಿರಲಿ. ಆ ಸೀಸನ್‌ನಲ್ಲಿ ಐದನೇ ಸುತ್ತಿನವರೆಗೆ ವಿಎಆರ್ ಇರಲೇ ಇಲ್ಲ, ಪ್ರೀಮಿಯರ್ ಲೀಗ್ ಮೈದಾನದಲ್ಲೂ ಇಲ್ಲ. ನಾಲ್ಕನೇ ಸುತ್ತಿನಲ್ಲಿ ಲೆಸ್ಟರ್ ಎದುರು ಯುನೈಟೆಡ್ 2-1 ಗೆದ್ದಾಗ ಹ್ಯಾರಿ ಮಗ್ವಾಯರ್ ಕೊನೇ ಗಳಿಗೆಯಲ್ಲಿ ತಲೆಯಿಂದ ಹೊಡೆದ ಗೋಲು ಸ್ಪಷ್ಟವಾಗಿ ಆಫ್‌ಸೈಡ್, ಆದರೂ ನಿಂತಿತು. ಐದನೇ ಸುತ್ತಿನಲ್ಲಿ ಅರೆ-ಸ್ವಯಂಚಾಲಿತ ಆಫ್‌ಸೈಡ್ ತಂತ್ರಜ್ಞಾನ ಮೊದಲ ಸಲ ಬಂತು. ಬೋರ್ನ್‌ಮತ್–ವುಲ್ವ್ಸ್ ಪಂದ್ಯದಲ್ಲಿ ಬಾಕ್ಸ್‌ನಲ್ಲಿ ಜನ ಒತ್ತೊತ್ತಾಗಿ ನಿಂತಿದ್ದರಿಂದ ಅದು ಕೈಕೊಟ್ಟು, ಹಳೇ ಪದ್ಧತಿಯಂತೆ ಕೈಯಿಂದ ಗೆರೆ ಎಳೆದು ನೋಡಬೇಕಾಯಿತು. ಒಂದು ಗೋಲಿನ ಪರಿಶೀಲನೆಗೆ ಸುಮಾರು ಎಂಟು ನಿಮಿಷ. ಯಂತ್ರ ಆಟಗಾರರ ಅಂಗಾಂಗಗಳ ಬಿಂದುಗಳನ್ನು ಹಿಂಬಾಲಿಸುತ್ತದೆ, ಒಬ್ಬರ ಮೇಲೊಬ್ಬರು ಬಿದ್ದರೆ ಯಾವ ಕಾಲು ಯಾರದು ಅಂತ ಅದಕ್ಕೆ ತಿಳಿಯುವುದಿಲ್ಲ.

ಮೂಲೆಕಿಕ್:

ಧನ್ಯವಾದ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ ಸಿಟಿ ಸೋತದ್ದಕ್ಕೆ ಆ ಒಂದು ನಿರ್ಧಾರವೇ ಕಾರಣ ಅನ್ನಬಹುದಾ? ಮುಕ್ಕಾಲಿಗಿಂತ ಹೆಚ್ಚು ಹೊತ್ತು ಚೆಂಡು ಅವರ ಕಾಲಲ್ಲೇ ಇತ್ತು.

ಎಡವಿಂಗ್ 11:

ಅಲ್ಲ. ಚೆಂಡು ಸಿಟಿಯ ಹತ್ತಿರ ಇರಲಿ ಅಂತಲೇ ಪ್ಯಾಲೆಸ್ ಬಿಟ್ಟಿತ್ತು. ಪ್ಯಾಲೆಸ್‌ನ ಆಗಿನ ಕೋಚ್ ಒಲಿವರ್ ಗ್ಲಾಸ್ನರ್ ಆಡಿಸಿದ್ದು 3-4-2-1. ಹಿಂದೆ ರಿಚರ್ಡ್ಸ್, ಲಕ್ರುವಾ, ಗೆಹಿ. ಬಲಕ್ಕೆ ಮುನ್ಯೋಸ್, ಎಡಕ್ಕೆ ಮಿಚೆಲ್, ನಡುವೆ ವಾರ್ಟನ್, ಕಮಾಡಾ. ಮುಂದೆ ಸಾರ್ ಮತ್ತು ಎಜೆ, ತುದಿಗೆ ಮಟೇಟಾ. ಚೆಂಡು ಎದುರಾಳಿಗೆ ಹೋದ ಕೂಡಲೇ ಮುನ್ಯೋಸ್, ಮಿಚೆಲ್ ಹಿಂದೆ ಇಳಿದು ಐವರ ಸಾಲು, ಸಾರ್, ಎಜೆ ಪಕ್ಕಕ್ಕೆ ಇಳಿದು ಅದರ ಮುಂದೆ ನಾಲ್ವರು, 5-4-1. ಈ ಎರಡು ಸಾಲಿನ ನಡುವೆ ಸಿಟಿಯ ಡಿ ಬ್ರೌನ ನಿಂತು ತಿರುಗುವಷ್ಟು ಜಾಗ ಸಿಗಬಾರದು, ಅಷ್ಟೇ ಗುರಿ. ಬದಿಯಲ್ಲಿ ಡೋಕು, ಸವಿನ್ಯೋ ಎಷ್ಟು ಬೇಕಾದರೂ ಕುಣಿಯಲಿ, ಒಳಗೆ ಹಾಕಿದ ಚೆಂಡನ್ನು ಮೂವರು ಸೆಂಟರ್ ಬ್ಯಾಕ್ ತಲೆಯಿಂದ ಆಚೆ ಕಳಿಸುತ್ತಾರೆ.

ಸಿಟಿ ಮಾಡಿದ ತಪ್ಪು ತಂಡದ ಪಟ್ಟಿಯಲ್ಲೇ ಇತ್ತು. ಮಧ್ಯದಲ್ಲಿ ಬರ್ನಾರ್ಡೊ ಸಿಲ್ವಾ ಮತ್ತು ಡಿ ಬ್ರೌನ, ಅವರ ಹಿಂದೆ ಚೆಂಡು ಕಳೆದುಕೊಂಡಾಗ ಬಾಗಿಲು ಕಾಯುವ ಮಿಡ್‌ಫೀಲ್ಡರ್ ಒಬ್ಬನೂ ಇಲ್ಲ. ಮುಂದೆ ಹಾಲಂಡ್, ಮರ್ಮೂಶ್, ಡೋಕು, ಸವಿನ್ಯೋ. ಇಂಥ ತಂಡಕ್ಕೆ ಪ್ಯಾಲೆಸ್ ಹೊಡೆತ ಬೀಳುವುದು ಎಲ್ಲಿಂದ ಅಂತ 16ನೇ ನಿಮಿಷ ತೋರಿಸಿತು. ಹಿಂದಿನಿಂದ ಬಂದ ಚೆಂಡನ್ನು ಮಟೇಟಾ ಬೆನ್ನು ಕೊಟ್ಟು ಹಿಡಿದು ನಿಲ್ಲಿಸಿದ. ಅವನು ಹಿಡಿದಿಟ್ಟ ಆ ಎರಡು-ಮೂರು ಸೆಕೆಂಡಿನಲ್ಲಿ ಉಳಿದವರು ಓಡಿ ಮುಂದೆ ಬಂದರು. ಚೆಂಡು ಬಲಬದಿಗೆ ಮುನ್ಯೋಸ್‌ಗೆ, ಅವನಿಂದ ಕ್ರಾಸ್, ನಡುವೆ ಬಂದ ಎಜೆ ನೆಲಕ್ಕೆ ಬೀಳಲು ಬಿಡದೆ ಒಳಪಾದದಲ್ಲಿ ತಿರುಗಿಸಿದ. ಬಲ ಹಾಕಲಿಲ್ಲ, ಪಾದದ ಕೋನ ಕೊಟ್ಟ, ಅಷ್ಟೇ. ಓಡುತ್ತಾ ಬಂದ ಚೆಂಡಿಗೆ ಅದರದೇ ವೇಗ ಇರುತ್ತದೆ, ಅದರ ಮೇಲೆ ಕಾಲು ಬೀಸಿದರೆ ಗ್ಯಾಲರಿಗೆ ಹೋಗುತ್ತದೆ. ಹೊಸದಾಗಿ ಆಡುವವರು ಆ ಒಂದು ಗೋಲನ್ನು ನಿಧಾನ ಮಾಡಿ ಹತ್ತು ಸಲ ನೋಡಬೇಕು.

36ನೇ ನಿಮಿಷದ ಪೆನಾಲ್ಟಿ ಇನ್ನೊಂದು ತಿರುವು. ಮಿಚೆಲ್ ಬರ್ನಾರ್ಡೊನನ್ನು ಬೀಳಿಸಿದ. ಹಾಲಂಡ್ ಚೆಂಡನ್ನು ಮರ್ಮೂಶ್‌ಗೆ ಕೊಟ್ಟ, ಹೆಂಡರ್ಸನ್ ತನ್ನ ಬಲಕ್ಕೆ ಹಾರಿ ತಡೆದ. ಎರಡನೇ ಹಾಫ್‌ನಲ್ಲಿ ಮುನ್ಯೋಸ್ ಎರಡನೇ ಗೋಲೂ ಹೊಡೆದಿದ್ದ, ಸಾರ್ ಆಫ್‌ಸೈಡ್ ಅಂತ ಹೋಯಿತು. ಗೆಹಿ ಗಾಯವಾಗಿ ಹೊರಗೆ ಹೋದಮೇಲೆ ಮಿಡ್‌ಫೀಲ್ಡರ್ ಲೆರ್ಮಾ ಆ ಜಾಗದಲ್ಲಿ ನಿಂತ, ಸಾಲು ಕದಲಲಿಲ್ಲ. ಸಿಟಿ ಗೋಲಿಗಾಗಿ ಒದ್ದಾಡುತ್ತಾ ಅಲ್ಲಿಯವರೆಗೆ ತಂಡಕ್ಕೆ ಒಂದೂ ಪಂದ್ಯ ಆಡದ ಎಚೆವೆರಿಯನ್ನು ಇಳಿಸಿತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? 10 ನಿಮಿಷ ಹೆಚ್ಚುವರಿ ಕೊಟ್ಟರೂ ಆಗಲಿಲ್ಲ.

ಮಟೇಟಾ ಬಗ್ಗೆ ಒಂದು ಸೇರಿಸುತ್ತೇನೆ. ಐದನೇ ಸುತ್ತಿನಲ್ಲಿ ಮಿಲ್‌ವಾಲ್ ಗೋಲ್‌ಕೀಪರ್ ಎಂಟನೇ ನಿಮಿಷದಲ್ಲಿ ಕಾಲೆತ್ತಿ ಅವನ ತಲೆಗೆ ಒದ್ದು ಕೆಂಪು ಕಾರ್ಡ್ ಪಡೆದ. ಕಿವಿಗೆ 25 ಹೊಲಿಗೆ ಬಿತ್ತು. ನಾಲ್ಕು ವಾರ ಕಳೆದು ಫುಲಮ್ ಎದುರು ತಲೆಗೆ ರಕ್ಷಾಪಟ್ಟಿ ಕಟ್ಟಿಕೊಂಡು ಇಳಿದ. ಫೈನಲ್‌ನ ಗೋಲಿನಲ್ಲಿ ಚೆಂಡು ಹಿಡಿದು ನಿಂತವನು ಅದೇ ಮನುಷ್ಯ.

ಮೂರನೇ ಸುತ್ತು:

ಯುರೋಪಾ ಪ್ರಶ್ನೆ ಉಳಿದಿದೆ. ಕಪ್ ಗೆದ್ದವರಿಗೆ ಯುರೋಪಾ ಲೀಗ್‌ನ ಲೀಗ್ ಹಂತಕ್ಕೆ ನೇರ ಪ್ರವೇಶ, ಅದು ನಿಜ. ಅಡ್ಡ ಬಂದದ್ದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯ ಬಹು-ಕ್ಲಬ್ ಒಡೆತನದ ನಿಯಮ. ಒಬ್ಬನೇ ವ್ಯಕ್ತಿಯ ನಿರ್ಣಾಯಕ ಪ್ರಭಾವದಲ್ಲಿರುವ ಎರಡು ಕ್ಲಬ್ ಒಂದೇ ಟೂರ್ನಿಯಲ್ಲಿ ಆಡುವಂತಿಲ್ಲ. ಜಾನ್ ಟೆಕ್ಸ್ಟರ್ ಕೈಯಲ್ಲಿ ಪ್ಯಾಲೆಸ್‌ನ ಸುಮಾರು ಶೇ. 43 ಪಾಲಿತ್ತು, ಫ್ರಾನ್ಸ್‌ನ ಲಿಯೋನ್ ಕ್ಲಬ್ಬೂ ಆಗ ಅವರದೇ ಆಗಿತ್ತು. ಲಿಯೋನ್ ಕೂಡ ಯುರೋಪಾ ಲೀಗ್‌ಗೆ ಬಂತು.

ಇಬ್ಬರಲ್ಲಿ ಯಾರನ್ನು ಉಳಿಸುವುದು? ಇಬ್ಬರೂ ಒಂದೇ ಟೂರ್ನಿಗೆ ಬಂದಿದ್ದರೆ ತಮ್ಮ ದೇಶದ ಲೀಗ್‌ನಲ್ಲಿ ಯಾರು ಮೇಲೆ ಅಂತ ನೋಡುತ್ತಾರೆ. ಲಿಯೋನ್ 6ನೇ ಸ್ಥಾನ, ಪ್ಯಾಲೆಸ್ 12ನೇ ಸ್ಥಾನ. ಕಪ್ ಗೆದ್ದದ್ದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಟೆಕ್ಸ್ಟರ್ ಆಮೇಲೆ ತಮ್ಮ ಪಾಲನ್ನು ವುಡಿ ಜಾನ್ಸನ್‌ಗೆ ಮಾರಿದರು, ಆದರೆ ನಿಯಮದ ಗಡುವು ಮಾರ್ಚ್ 1. ಆ ದಿನ ಪ್ಯಾಲೆಸ್ ಮಿಲ್‌ವಾಲ್ ಜೊತೆ ಐದನೇ ಸುತ್ತು ಆಡುತ್ತಿತ್ತು! ಮೇ ತಿಂಗಳಲ್ಲಿ ಕಪ್ ಬರುತ್ತದೆ ಅಂತ ಅವತ್ತೇ ಲೆಕ್ಕ ಹಾಕಿ ಒಡೆತನ ಬಿಡಿಸಿಕೊಳ್ಳಬೇಕಿತ್ತು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಲೀಗ್ ಸ್ಥಾನವನ್ನು ಮಾರ್ಚ್ ಹೊತ್ತಿಗೆ ಅಂದಾಜು ಮಾಡಬಹುದು, ನಾಕೌಟ್ ಕಪ್ಪನ್ನು ಆಗುವುದಿಲ್ಲ.

ಜುಲೈ 11ರಂದು ಯುಇಎಫ್‌ಎ ತೀರ್ಪು ಬಂತು, ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಆಗಸ್ಟ್ 11ರಂದು ಮೇಲ್ಮನವಿಯನ್ನು ತಳ್ಳಿಹಾಕಿತು. ಅದರ ಹಿಂದಿನ ದಿನವಷ್ಟೇ ಪ್ಯಾಲೆಸ್ ಲಿವರ್‌ಪೂಲ್ ಎದುರು ಪೆನಾಲ್ಟಿಯಲ್ಲಿ ಕಮ್ಯುನಿಟಿ ಶೀಲ್ಡ್ (ಲೀಗ್ ಗೆದ್ದವರು, ಕಪ್ ಗೆದ್ದವರ ನಡುವಿನ ಪಂದ್ಯ) ಗೆದ್ದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಜಾಗ ಲೀಗ್‌ನಲ್ಲಿ 7ನೇ ಸ್ಥಾನದಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋಯಿತು. ಪ್ಯಾಲೆಸ್ ನಾರ್ವೆಯ ಫ್ರೆಡ್ರಿಕ್‌ಸ್ಟಾಡ್ ಜೊತೆ ಎರಡು ಪ್ಲೇಆಫ್ ಆಡಿ ಗೆದ್ದು ಕಾನ್ಫರೆನ್ಸ್ ಲೀಗ್ ಸೇರಬೇಕಾಯಿತು.

ಬ್ಲೂ ಗ್ಯಾಲರಿ:

ನಮ್ಮ ಕಡೆಯದು ಒಂದು. ಅದೇ ತಿಂಗಳುಗಳಲ್ಲಿ ನಮ್ಮ ಸೂಪರ್ ಕಪ್ ಕೂಡ ನೇರ ನಾಕೌಟ್ ಆಗಿ ಭುವನೇಶ್ವರದಲ್ಲಿ ನಡೆಯಿತು. ದೇಶದ ಮೇಲಿನ ಲೀಗ್ ಆದ ಐಎಸ್‌ಎಲ್‌ನ ಫೈನಲ್ ಆಡಿ ಬಂದಿದ್ದ ಬೆಂಗಳೂರು ಎಫ್‌ಸಿ ಮೊದಲ ಪಂದ್ಯದಲ್ಲೇ ಕೆಳಗಿನ ದರ್ಜೆಯ ಐ-ಲೀಗ್‌ನ ಇಂಟರ್ ಕಾಶಿ ಜೊತೆ 1-1 ಮಾಡಿಕೊಂಡು ಪೆನಾಲ್ಟಿಯಲ್ಲಿ ಹೊರಬಿತ್ತು. ಎಫ್‌ಸಿ ಗೋವಾ ಕಪ್ ಗೆದ್ದಿತು. ಎಫ್‌ಎ ಕಪ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ಎಲ್ಲ ಪಂದ್ಯವೂ ಒಂದೇ ಊರಲ್ಲಿ. ಟಾಮ್‌ವರ್ತ್‌ಗೆ ತನ್ನ ಕೃತಕ ಹುಲ್ಲು, ತನ್ನ ನಾಲ್ಕು ಸಾವಿರ ಜನ ಸಿಕ್ಕಂತೆ ಕಾಶಿ ತಂಡಕ್ಕೆ ಸಿಗಲಿಲ್ಲ. ಚೀಟಿಯಲ್ಲಿ ಮೊದಲು ಬಂದವರಿಗೆ ತವರು ಮೈದಾನ ಅನ್ನುವ ಒಂದು ನಿಯಮ ಇಲ್ಲಿಗೂ ಬರಬೇಕು. ಮೊದಲ ಸುತ್ತು ಮಾತ್ರ ಹಾಗೆ ಆಡಿಸಿ, ಉಳಿದದ್ದು ಒಂದೇ ಕಡೆ ಇಟ್ಟರೂ ಸಾಕು.